ಆಲ್ಬಂ ಸಾಂಗ್ ವಿಶ್ಲೇಷಣೆ ಮಾಡಬೇಕಾ? ಮೊದಲು ಸೌಂಡ್ ಆಫ್ ಮಾಡಿ

ಒಂದು ಮ್ಯೂಸಿಕ್ ವಿಡಿಯೋ ನೋಡಿ ಅದರ ಶೈಲಿ ಬಗ್ಗೆ ಬರೆಯಿರಿ ಅಂದರೆ ಹೆಚ್ಚಿನವರು ಬರೆಯುವುದು ಒಂದೇ. "ಕ್ಯಾಮೆರಾ ವರ್ಕ್ ಅದ್ಭುತ, ಲೊಕೇಶನ್ ಸೂಪರ್, ಡ್ಯಾನ್ಸ್ ಮನಮೋಹಕ." ಮದುವೆ ಊಟ ಮುಗಿಸಿ ಕೈ ತೊಳೆಯುವಾಗ ಹೇಳುವ ಮಾತಿನ ಹಾಗೆ ಇದು, ಯಾವ ಮದುವೆಗೂ ಹೊಂದುತ್ತದೆ. ಮಂಗಳೂರು, ಉಡುಪಿ, ಮಣಿಪಾಲದ ಕಡೆ ಮೀಡಿಯಾ ಓದುವ ಮಕ್ಕಳಿಗೆ ಈ ಅಸೈನ್‌ಮೆಂಟ್ ಬಂದೇ ಬರುತ್ತದೆ. ಆಮೇಲೆ ನಮ್ಮಂಥ ಎಡಿಟಿಂಗ್ ಮಾಡುವವರಿಗೆ ಫೋನ್. "ಅಣ್ಣ, ಇದರಲ್ಲಿ ಎಂತ ಬರೆಯುವುದು?" ಅದಕ್ಕೆ ಒಂದೇ ಸಲ ಇಲ್ಲಿ ಬರೆದು ಹಾಕುತ್ತಿದ್ದೇನೆ. ಹಾಡು ತುಳುವಾಗಲಿ, ಕನ್ನಡವಾಗಲಿ, ಕೊಂಕಣಿ, ಬ್ಯಾರಿ, ಕೊರಿಯನ್ ಯಾವುದೇ ಆಗಲಿ, ನೋಡುವ ದಾರಿ ಇದೇ.

ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ವಿಡಿಯೋಗಳಲ್ಲಿ ಮತ್ತೆ ಮತ್ತೆ ಕಾಣುವ ಪ್ರತಿ ರೂಢಿಗೂ ಒಂದು ಕಾರಣ ಉಂಟು. ಆ ಕಾರಣ ಹೆಚ್ಚಾಗಿ ದುಡ್ಡು, ಸಮಯ, ಹಾಡಿದವರ ಮುಖ, ಇಲ್ಲವೇ ನೋಡುವವರ ಮೊಬೈಲ್. "ಚೆನ್ನಾಗಿದೆಯಾ" ಅಂತ ಕೇಳುವುದನ್ನು ಬಿಟ್ಟು "ಇದು ಇಲ್ಲಿ ಯಾಕೆ ಬಂತು, ಯಾರಿಗೆ ಬೇಕಿತ್ತು" ಅಂತ ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಹಳೇ ಉದಾಹರಣೆ ಒಂದು ಕೊಡುತ್ತೇನೆ. 1975ರಲ್ಲಿ ಇಂಗ್ಲೆಂಡಿನ ಕ್ವೀನ್ ತಂಡ 'ಬೊಹೀಮಿಯನ್ ರಾಪ್ಸಡಿ'ಗೆ ವಿಡಿಯೋ ಮಾಡಿತು. ಕತ್ತಲಲ್ಲಿ ನಾಲ್ಕು ಮುಖ, ಮೇಲಿಂದ ಬೆಳಕು. ಇವತ್ತಿಗೂ ಜನ ಅದನ್ನು ನಕಲು ಮಾಡುತ್ತಾರೆ. ಅದನ್ನು ಮಾಡಿದ್ದಕ್ಕೆ ದೊಡ್ಡ ಕಲಾ ಸಿದ್ಧಾಂತ ಏನೂ ಇರಲಿಲ್ಲ. ತಂಡ ಊರೂರು ತಿರುಗುತ್ತಿತ್ತು, ಟಿವಿ ಸ್ಟುಡಿಯೋಕ್ಕೆ ಹೋಗಿ ಆ ಗೋಜಲು ಹಾಡಿಗೆ ಬಾಯಿ ಆಡಿಸುವುದು ಕಷ್ಟ, ಹಾಗಾಗಿ ತಾವು ಹೋಗುವ ಬದಲು ವಿಡಿಯೋ ಕಳಿಸಿದರು. 1981ರ ಆಗಸ್ಟ್ 1ಕ್ಕೆ ಅಮೆರಿಕದಲ್ಲಿ ಎಂಟಿವಿ ಶುರುವಾದ ಮೇಲೆ ಅಂಥ ವಿಡಿಯೋಗಳಿಗೆ ಒಂದು ಇಡೀ ಚಾನಲ್ಲೇ ಸಿಕ್ಕಿತು.

ಮೂರು ಸಲ ನೋಡಿ, ಮೂರೂ ಸಲ ಬೇರೆ ಬೇರೆ

ಮೊದಲ ಸಲ ಸೌಂಡ್ ಪೂರ್ತಿ ಆಫ್. ಹಾಡು ನಿಮ್ಮನ್ನು ಎಳೆದುಕೊಂಡು ಹೋಗದಿದ್ದರೆ ಕಣ್ಣಿಗೆ ಬೇರೆಯೇ ಕಾಣುತ್ತದೆ. ಎಷ್ಟು ಕಡೆ ಒಂದೇ ಶಾಟ್ ಎರಡು ಸಲ ಬಳಸಿದ್ದಾರೆ, ಹೀರೋಯಿನ್ ಸುಮ್ನೆ ನಡೆಯುವುದು ಬಿಟ್ಟು ಬೇರೆ ಏನಾದರೂ ಮಾಡುತ್ತಾಳಾ, ಕಥೆ ಅಂತ ಒಂದು ಇದೆಯಾ, ಎಲ್ಲ ಬಯಲಿಗೆ ಬರುತ್ತದೆ.

ಎರಡನೇ ಸಲ ಸ್ಕ್ರೀನ್ ಮುಚ್ಚಿ ಬರೀ ಕೇಳಿ. ಪಲ್ಲವಿ ಎಲ್ಲಿ, ಚರಣ ಎಲ್ಲಿ, ನಡುವಿನ ಮ್ಯೂಸಿಕ್ ಎಷ್ಟು ಹೊತ್ತು, ತಾಸೆ ಅಥವಾ ಡ್ರಮ್ ಯಾವಾಗ ಏರುತ್ತದೆ, ಇಷ್ಟನ್ನು ಸಮಯದ ಜೊತೆ ಬರೆದುಕೊಳ್ಳಿ.

ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡಿ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ನಿಲ್ಲಿಸಿ ಫುಲ್‌ಸ್ಟಾಪ್ ಕೀ ಒತ್ತಿದರೆ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಸ್ಥಿರ ಚಿತ್ರ, ಮುಂದೆ ಹೋಗುತ್ತದೆ, ಕಾಮಾ ಕೀ ಒತ್ತಿದರೆ ಹಿಂದೆ. ಈ ವಿಷಯ ಗೊತ್ತಿಲ್ಲದೆ ಬೆರಳಿನಲ್ಲಿ ಎಳೆದು ಎಳೆದು ಸುಸ್ತಾದವರು ಬಹಳ ಜನ. ಮೊಬೈಲ್ ಆದರೆ ಸ್ಪೀಡ್ 0.25ಕ್ಕೆ ಇಳಿಸಿ.

ಪೂರ್ತಿ ಹಾಡಿನ ಶಾಟ್ ಲಿಸ್ಟ್ ಬೇಡ, ಹುಚ್ಚು ಹಿಡಿಯುತ್ತದೆ. ಮೊದಲ 30 ಸೆಕೆಂಡು, ಒಂದು ಪಲ್ಲವಿ, ಕೊನೆಯ 20 ಸೆಕೆಂಡು ಸಾಕು. ಪ್ರತಿ ಶಾಟಿಗೆ ನಾಲ್ಕು ವಿಷಯ ಬರೆಯಿರಿ: ಎಷ್ಟು ಹೊತ್ತು, ಎಷ್ಟು ಹತ್ತಿರ, ಕ್ಯಾಮೆರಾ ಅಲುಗುತ್ತದಾ, ಆಗ ಹಾಡಿನಲ್ಲಿ ಯಾವ ಸಾಲು. ಪುಸ್ತಕದ ಹಾಳೆಯಲ್ಲಿ ಗೆರೆ ಎಳೆದು ಬರೆದರೂ ಸಾಕು.

ಕಟ್ ಎಲ್ಲಿ ಬೀಳುತ್ತದೆ

ಕಟ್ ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಹೆದರಬೇಡಿ. ಹಾಡು 120 ಬಿಪಿಎಂ ಅಂದರೆ ನಿಮಿಷಕ್ಕೆ 120 ಬೀಟ್, ಒಂದು ಬೀಟ್ ಅರ್ಧ ಸೆಕೆಂಡು, ನಾಲ್ಕು ಬೀಟಿನ ಒಂದು ಸುತ್ತು 2 ಸೆಕೆಂಡು. ಈಗ ನಿಮ್ಮ ಹಾಳೆ ನೋಡಿ. ಶಾಟುಗಳು 2 ಸೆಕೆಂಡು, 4 ಸೆಕೆಂಡು ಅಂತ ಬರುತ್ತಿದ್ದರೆ ಎಡಿಟರ್ ತಾಳದ ಮೇಲೆ ಕಟ್ ಮಾಡಿದ್ದಾನೆ. ತಾಳ ಬಿಟ್ಟು ಬೇರೆ ಕಡೆ ಕಟ್ ಬಿದ್ದಿದ್ದರೆ ಅಲ್ಲಿ ಏನಿದೆ ನೋಡಿ. ಒಂದು ಕಣ್ಣು ಮಿಟುಕಿಸುವುದು, ತಲೆ ತಿರುಗಿಸುವುದು, ಬಾಗಿಲು ತೆಗೆಯುವುದು, ಏನಾದರೊಂದು ಇರುತ್ತದೆ. ಬರೀ ತಾಳದ ಮೇಲೆ ಕಟ್ ಮಾಡಿದ ಹಾಡು ಒಂದು ನಿಮಿಷ ಆದ ಮೇಲೆ ಬೋರ್ ಹೊಡೆಯುತ್ತದೆ. ಇದು ನನ್ನ ಅಭಿಪ್ರಾಯ, ಆದರೆ ಪರೀಕ್ಷೆ ಮಾಡಿ ನೋಡಿ.

ಮೂರೂವರೆ ನಿಮಿಷದ ಹಾಡಿಗೆ 210 ಸೆಕೆಂಡು. ಅದರಲ್ಲಿ 140 ಶಾಟ್ ಇದ್ದರೆ ಸರಾಸರಿ ಒಂದೂವರೆ ಸೆಕೆಂಡು. ಆದರೆ ಸರಾಸರಿಗಿಂತ ಏರಿಳಿತ ಮುಖ್ಯ. ಚರಣದಲ್ಲಿ ನಿಧಾನ, ಪಲ್ಲವಿಗೆ ಬಂದಾಗ ಪಟಪಟ, ಇದು ಸಾಮಾನ್ಯ ರೂಢಿ. ಯಾರಾದರೂ ಉಲ್ಟಾ ಮಾಡಿದ್ದರೆ ಅಲ್ಲಿ ನಿಲ್ಲಿ, ನಿಮ್ಮ ಲೇಖನದ ಒಳ್ಳೇ ಪ್ಯಾರಾ ಅಲ್ಲೇ ಇರುತ್ತದೆ.

ಕಟ್ಟೇ ಇಲ್ಲದ ವಿಡಿಯೋ ಕೂಡ ಉಂಟು. 2006ರಲ್ಲಿ ಓಕೆ ಗೋ ಅನ್ನುವ ತಂಡ 'ಹಿಯರ್ ಇಟ್ ಗೋಸ್ ಅಗೇನ್' ಹಾಡಿಗೆ ಎಂಟು ಟ್ರೆಡ್‌ಮಿಲ್ ಜೋಡಿಸಿ ಕ್ಯಾಮೆರಾ ಒಂದೇ ಕಡೆ ಇಟ್ಟು ಒಂದೇ ಟೇಕಿನಲ್ಲಿ ಕುಣಿಯಿತು. ಲೊಕೇಶನ್ ಇಲ್ಲ, ಡ್ರೋನ್ ಇಲ್ಲ. ಯಾರಾದರೂ ಎಡವುತ್ತಾರಾ ಅಂತ ನಾವು ಕಾಯುತ್ತೇವಲ್ಲ, ಆ ಕಾಯುವುದೇ ಅದರ ಬಂಡವಾಳ. ಕಟ್ ಹಾಕಿದ್ದರೆ ಮಜಾ ಹೋಗುತ್ತಿತ್ತು.

ಸಾಹಿತ್ಯ ಒಂದು ಹೇಳುತ್ತದೆ, ಚಿತ್ರ ಇನ್ನೊಂದು

ಆಂಡ್ರ್ಯೂ ಗುಡ್‌ವಿನ್ ಅನ್ನುವವರು 1992ರಲ್ಲಿ ಮ್ಯೂಸಿಕ್ ಟೆಲಿವಿಷನ್ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ಹಾಡಿಗೂ ಚಿತ್ರಕ್ಕೂ ಮೂರು ಬಗೆಯ ಸಂಬಂಧ ಹೇಳುತ್ತಾರೆ. ಕ್ಲಾಸಿನಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತಾರೆ, ಆದರೆ ಒಂದು ಸಾಲಿನ ಮೇಲೆ ಪ್ರಯೋಗ ಮಾಡಿದರೆ ಬೇಗ ಅರ್ಥ ಆಗುತ್ತದೆ. "ಮಳೆ ಬಂತು, ನೀನು ಬರಲಿಲ್ಲ" ಅಂತ ಒಂದು ಸಾಲು ಇದೆ ಅಂದುಕೊಳ್ಳಿ.

ಮಳೆ ಸುರಿಯುತ್ತಿದೆ, ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ನಿಂತಿದ್ದಾನೆ. ಇದು ಹೇಳಿದ್ದನ್ನೇ ತೋರಿಸುವುದು. ಅದೇ ಸಾಲಿಗೆ ಮನೆ ಜಗಲಿಯಲ್ಲಿ ಮೊಳೆಗೆ ನೇತು ಹಾಕಿದ ಎರಡು ಕೊಡೆ, ಒಂದರಿಂದ ನೀರು ತೊಟ್ಟಿಕ್ಕುತ್ತಿದೆ, ಇನ್ನೊಂದು ಒಣಗಿಯೇ ಇದೆ. ಇದು ಹೇಳಿದ್ದಕ್ಕಿಂತ ಜಾಸ್ತಿ ಹೇಳುವುದು. ಆ ಸಾಲು ಬರುವಾಗ ಸುರತ್ಕಲ್ ಬೀಚಿನಲ್ಲಿ ಸುಡುಬಿಸಿಲು, ಹುಡುಗ ಫ್ರೆಂಡ್ಸ್ ಜೊತೆ ವಾಲಿಬಾಲ್ ಆಡುತ್ತಿದ್ದಾನೆ. ಇದು ವಿರುದ್ಧ ಹೋಗುವುದು. ಮೂರನೆಯದ್ದು ಬೇಕೆಂದೇ ಮಾಡಿದ್ದಾ, ಶೂಟಿಂಗ್ ದಿನ ಮಳೆ ಬರಲಿಲ್ಲ ಅಂತ ಮಾಡಿದ್ದಾ ಅನ್ನುವುದನ್ನು ನೀವು ಕಂಡುಹಿಡಿಯಬೇಕು. ಉಳಿದ ಸಾಲುಗಳನ್ನು ನೋಡಿ. ಬೇಕೆಂದೇ ಮಾಡಿದ್ದರೆ ಆ ವಿರುದ್ಧ ಇನ್ನೊಂದೆರಡು ಕಡೆ ಕಾಣುತ್ತದೆ. ಒಂದೇ ಕಡೆ ಇದ್ದರೆ ಮಳೆ ಕೈ ಕೊಟ್ಟಿರುವ ಸಾಧ್ಯತೆ ಜಾಸ್ತಿ.

ಬಾಯಿ ಸರಿ ಇದೆ, ಸೆರಗು ಮಾತ್ರ ನಿಧಾನ

ಇದು ನನಗೆ ಇಷ್ಟದ ಭಾಗ, ಸ್ವಲ್ಪ ಉದ್ದ ಆಗಬಹುದು.

ಶೂಟಿಂಗ್‌ನಲ್ಲಿ ಹಾಡನ್ನು ಸ್ಪೀಕರ್‌ನಲ್ಲಿ ಹಾಕಿ, ಗಾಯಕರೋ ನಟರೋ ಅದಕ್ಕೆ ಬಾಯಿ ಆಡಿಸುತ್ತಾರೆ. ಸರಿ. ಆದರೆ ಕೆಲವು ವಿಡಿಯೋಗಳಲ್ಲಿ ಬಾಯಿ ಹಾಡಿಗೆ ಸರಿಯಾಗಿ ಹೊಂದುತ್ತದೆ, ಕೂದಲು, ಸೆರಗು, ಹಿಂದಿನ ಅಲೆ ಮಾತ್ರ ತೇಲುವ ಹಾಗೆ ನಿಧಾನ. ಇದು ಹೇಗೆ? ಕ್ಯಾಮೆರಾವನ್ನು ಸೆಕೆಂಡಿಗೆ 50 ಫ್ರೇಮಿಗೆ ಇಟ್ಟು, ಹಾಡನ್ನು ಎರಡು ಪಟ್ಟು ಸ್ಪೀಡಿನಲ್ಲಿ ಹಾಕುತ್ತಾರೆ. ನಟ ಅಷ್ಟೇ ಸ್ಪೀಡಿನಲ್ಲಿ ಗಡಿಬಿಡಿ ಬಾಯಿ ಆಡಿಸಬೇಕು. ಆಮೇಲೆ ಎಡಿಟಿಂಗ್‌ನಲ್ಲಿ ಅದನ್ನು 25 ಫ್ರೇಮಿಗೆ ಇಳಿಸಿದಾಗ ಬಾಯಿ ಮಾಮೂಲಿ ಸ್ಪೀಡಿಗೆ ಬರುತ್ತದೆ, ಉಳಿದ ಲೋಕ ಎಲ್ಲ ಅರ್ಧ ಸ್ಪೀಡಿಗೆ. ಬೀಚಿನಲ್ಲಿ ಇಂಥ ಶೂಟಿಂಗ್ ನಡೆಯುವಾಗ ಚುರುಮುರಿ ತಿನ್ನುತ್ತಾ ನೋಡುವವರಿಗೆ ನಗು ತಡೆಯುವುದಿಲ್ಲ. ವಿರಹದ ಹಾಡು ಕೀರಲು ಸ್ವರದಲ್ಲಿ ಓಡುತ್ತಿರುತ್ತದೆ, ಹೀರೋ ಜಗಳ ಮಾಡುವವನ ಹಾಗೆ ಬಡಬಡ ಅಂತಿರುತ್ತಾನೆ.

ವಿಡಿಯೋ ನೋಡುವಾಗ ಇದನ್ನು ಹಿಡಿಯುವುದು ಸುಲಭ. ಬಾಯಿ ಬಿಟ್ಟು ಬೇರೆ ಕಡೆ ನೋಡಿ. ರೆಪ್ಪೆ ಮುಚ್ಚಲು ತಡ ಮಾಡುತ್ತಿದೆಯಾ? ಅಲೆ ಒಡೆಯಲು ಬಹಳ ಹೊತ್ತು ತಗೊಳ್ಳುತ್ತಿದೆಯಾ? ಹೌದಾದರೆ ಇದೇ ತಂತ್ರ. ಬಾಯಿ ಆಡಿಸದ ಸ್ಲೋ ಮೋಷನ್‌ಗೆ ಇಷ್ಟೆಲ್ಲ ಬೇಡ. ಹಾಗಾಗಿ ಕಡಿಮೆ ಸಮಯದಲ್ಲಿ ಮಾಡಿದ ಹಾಡುಗಳಲ್ಲಿ ಸ್ಲೋ ಮೋಷನ್ ಬಂದಾಗೆಲ್ಲ ನಟ ಸುಮ್ನೆ ನಡೆಯುತ್ತಾನೆ, ಇಲ್ಲಾ ತಿರುಗಿ ನೋಡುತ್ತಾನೆ. ಅದೂ ಒಂದು ರೂಢಿಯೇ ಆಗಿಬಿಟ್ಟಿದೆ.

ಹಾಡುವವರ ಕ್ಲೋಸಪ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕಥೆಯ ನಡುವೆ ಗಾಯಕನ ಮುಖ ಬರುವುದಕ್ಕೆ ಒಂದು ಕಾರಣ ಮುಖ ಪರಿಚಯ ಆಗಬೇಕು ಅನ್ನುವುದು, ದುಡ್ಡು ಹಾಕಿದವರು ಅದನ್ನು ಕೇಳುತ್ತಾರೆ. ಇನ್ನೊಂದು ಕಾರಣ ಎಡಿಟರ್‌ಗಳಿಗೆ ಮಾತ್ರ ಗೊತ್ತು. ಕಥೆಯ ಶಾಟ್ ಸಾಲದೆ ಬಂದರೆ ಆ ಖಾಲಿ ಜಾಗಕ್ಕೆ ಗಾಯಕನ ಮುಖ ಹಾಕುತ್ತೇವೆ. ಎರಡನೇ ಚರಣದಲ್ಲಿ ಗಾಯಕ ಇದ್ದಕ್ಕಿದ್ದ ಹಾಗೆ ಜಾಸ್ತಿ ಕಾಣಿಸಿಕೊಂಡರೆ ಫುಟೇಜ್ ಕಡಿಮೆ ಬಿದ್ದಿರಬಹುದು ಅಂತ ಸಂಶಯ ಪಡಿ.

ಕರಾವಳಿಯ ಹಾಡಾದರೆ ಹಿನ್ನೆಲೆಯನ್ನು ಓದಿ

ನಮ್ಮ ಊರಿನವರಿಗೆ ಒಂದು ಲಾಭ ಉಂಟು, ಬೆಂಗಳೂರಿನವರಿಗೆ ಕಾಣದ್ದು ನಮಗೆ ಕಾಣುತ್ತದೆ. ಉದಾಹರಣೆಗೆ, ನಮ್ಮ ಕಡಲು ಪಶ್ಚಿಮಕ್ಕೆ. ಸಮುದ್ರದ ಅಂಚಿನಲ್ಲಿ ಕೆಂಪು ಸೂರ್ಯ ಕಂಡರೆ ಅದು ಸಂಜೆಯೇ. ಸಾಹಿತ್ಯದಲ್ಲಿ "ಮುಂಜಾನೆ" ಅಂತ ಇದ್ದು ಹಿಂದೆ ಮಲ್ಪೆ ಕಡಲಿನ ಮೇಲೆ ಸೂರ್ಯ ಇದ್ದರೆ, ಮಾರಾಯ್ರೆ, ಅದು ಸಂಜೆ ಆರೂವರೆ. ತಪ್ಪು ಅಂತ ಬರೆಯಬೇಡಿ. ಆ ಚಿನ್ನದ ಬೆಳಕು ಇದ್ದರೆ ಮೇಕಪ್ಪು, ಲೈಟು ಎಲ್ಲ ಕಡಿಮೆ ಸಾಕಾಗುತ್ತದೆ, ಅದಕ್ಕೇ ಎಲ್ಲರೂ ಸಂಜೆ ಬೀಚಿಗೆ ಓಡುತ್ತಾರೆ ಅಂತ ಬರೆಯಿರಿ.

ಯಾವ ತಿಂಗಳಲ್ಲಿ ಶೂಟ್ ಆಯಿತು ಅನ್ನುವುದೂ ಗೊತ್ತಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಂದರಿನ ದಕ್ಕೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತು, ಮೇಲೆ ಕಪ್ಪು ಮೋಡ ಇದ್ದರೆ ಅದು ಆ ಸಮಯದ ಶೂಟಿಂಗ್ ಇರಬಹುದು. ಗದ್ದೆಯಲ್ಲಿ ಏಣೆಲು, ಅಂದರೆ ಮುಂಗಾರಿನ ಭತ್ತದ ಪೈರು ಹಸಿರಾಗಿದ್ದರೆ ಮಳೆಗಾಲ. ಕಂಬಳದ ಓಟ ನಿಜವಾದ ಕರೆಯಲ್ಲಿ (ಕೋಣ ಓಡುವ ಕೆಸರಿನ ಓಟದ ಜಾಗದಲ್ಲಿ) ತೆಗೆದದ್ದಾದರೆ ನವೆಂಬರ್ ಶುರುವಾದ ಮೇಲೆ. ಒಂದೇ ಹಾಡಿನಲ್ಲಿ ಇವೆಲ್ಲ ಕಂಡರೆ ಒಂದೋ ತಂಡ ತಿಂಗಳುಗಟ್ಟಲೆ ಕೆಲಸ ಮಾಡಿದೆ, ಇಲ್ಲಾ ಯಾರದೋ ಹಳೇ ಫುಟೇಜ್ ಸೇರಿಸಿದೆ.

ಡ್ರೋನ್ ಶಾಟ್ ಬಗ್ಗೆ ಹೇಳದಿದ್ದರೆ ಹೇಗೆ? ಕಾಪು ಲೈಟ್‌ಹೌಸ್ ಸುತ್ತ ಒಂದು ರೌಂಡು, ಮರವಂತೆಯಲ್ಲಿ ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ ನದಿ ನಡುವೆ ಹೆದ್ದಾರಿ, ಆ ಹೆದ್ದಾರಿಯಲ್ಲಿ ಒಂದು ಬುಲೆಟ್ ಬೈಕ್. ಸಾಕಾಗಿ ಹೋಗಿದೆ, ಅಲ್ವಾ? ಆದರೆ ಕಾರಣ ಹುಡುಕಿ. ಹಾಡು ಶುರುವಾದ ಕೆಲವೇ ಸೆಕೆಂಡಿನಲ್ಲಿ "ಇದು ನಮ್ಮ ಊರಿನ ಹಾಡು" ಅಂತ ಮುಂಬೈಯಲ್ಲೋ ದುಬೈಯಲ್ಲೋ ಇರುವವರಿಗೆ ಗೊತ್ತಾಗಬೇಕು. ಮೇಲಿನಿಂದ ತೆಗೆದರೆ ಕೆಳಗಿನ ಪ್ಲಾಸ್ಟಿಕ್ ಕಸ, ನೋಡಲು ಸೇರಿದ ಜನ, ಯಾವುದೂ ಎದ್ದು ಕಾಣುವುದಿಲ್ಲ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಸುತ್ತಮುತ್ತ ಡ್ರೋನಿಗೆ ನಿರ್ಬಂಧ ಇದೆ, ಆ ಕಡೆ ಶೂಟ್ ಮಾಡಿದ ಹಾಡಿನಲ್ಲಿ ಕ್ಯಾಮೆರಾ ನೆಲದ ಮೇಲೇ ಇದ್ದರೆ ಅದಕ್ಕೂ ಒಂದು ಕಾರಣ ಸಿಕ್ಕಿದ ಹಾಗಾಯಿತು.

ಹಂಚಿನ ಮನೆಯೂ ಹಾಗೆಯೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಕಾಲಕ್ಕೆ ಅದು ಹೊಸ ಮಾಲು, ಕಾರ್ಖಾನೆ ಸಾಮಾನು. ಈಗ ವಿಡಿಯೋಗಳಲ್ಲಿ ಹಂಚಿನ ಮಾಡು, ಅಂಗಳ, ತುಳಸಿಕಟ್ಟೆ, ಬಾವಿಕಟ್ಟೆ ಬಂತು ಅಂದರೆ "ಅಜ್ಜಿಮನೆ, ಹಳೇ ಕಾಲ, ಒಳ್ಳೇ ಮನಸ್ಸು" ಅಂತ ಅರ್ಥ. ಅದೇ ಹುಡುಗ ಮಾಲ್ ಎದುರು ನಿಂತರೆ ಅವನಿಗೆ ದುಡ್ಡು ಬಂದಿದೆ, ಪ್ರೀತಿ ಹೋಗಿದೆ ಅಂತ ಅರ್ಥ. ಈ ಲೆಕ್ಕಾಚಾರ ನಿಜ ಜೀವನದ್ದಲ್ಲ, ವಿಡಿಯೋದ್ದು. ಜೊತೆಗೆ ಇನ್ನೊಂದು ಸಣ್ಣ ಕಾರಣ, ಅಜ್ಜಿಮನೆಗೆ ಬಾಡಿಗೆ ಕೊಡಬೇಕಾಗಿಲ್ಲ.

ಹುಲಿವೇಷ ಮತ್ತು ಭೂತಕೋಲ ಎರಡನ್ನೂ ಒಂದೇ ಸಾಲಿನಲ್ಲಿ "ಜಾನಪದ ಅಂಶಗಳು" ಅಂತ ಬರೆದು ಮುಗಿಸಬೇಡಿ. ಹುಲಿವೇಷ ನವರಾತ್ರಿಗೆ, ಅಷ್ಟಮಿಗೆ ಬೀದಿಯಲ್ಲಿ ಕುಣಿಯುವಂಥದ್ದು. ಹರಕೆ ಇದ್ದರೂ ಜನ ಸೇರಿ ಕೇಕೆ ಹಾಕುತ್ತಾರೆ, ಹಾಡಿನಲ್ಲಿ ಬಂದರೆ ತಾಸೆಯ ಪೆಟ್ಟಿಗೆ ಕಟ್ ಹೊಂದಿಸಲೂ ಆಗುತ್ತದೆ. ಕೋಲ ಆರಾಧನೆ. ಅದರ ಮುಖವರ್ಣಿಕೆ, ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ) ಎರಡನ್ನೂ ಬರೀ ಎಫೆಕ್ಟಿಗೆ ಬಳಸಿದರೆ ಊರಿನವರಿಗೆ ಬೇಜಾರಾಗುತ್ತದೆ, ನನಗೂ ಆಗುತ್ತದೆ. ವಿಶ್ಲೇಷಣೆಯಲ್ಲಿ ಇದು ಬರಲೇಬೇಕು: ತಂಡ ಏನನ್ನು ಎರವಲು ತಂದಿದೆ, ತಂದಲ್ಲಿ ಅದರ ಅರ್ಥ ಏನಿತ್ತು, ಹಾಡಿನಲ್ಲಿ ಎಷ್ಟು ಉಳಿಯಿತು.

ಯಾರು ನೋಡುತ್ತಾರೆ, ಯಾರನ್ನು ನೋಡುತ್ತಾರೆ

ಲಾರಾ ಮಲ್ವಿ 1975ರಲ್ಲಿ ಸಿನಿಮಾದ ಬಗ್ಗೆ ಬರೆದ ಒಂದು ಪ್ರಬಂಧದಿಂದ "ಗಂಡುನೋಟ" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ, ಕ್ಯಾಮೆರಾ ಹೆಣ್ಣನ್ನು ಗಂಡಸಿನ ಕಣ್ಣಿನಿಂದ ನೋಡುವುದು ಅಂತ ಅದರ ಅರ್ಥ. ಮಾತು ಬರೆದರೆ ಮಾರ್ಕ್ಸ್ ಸಿಗಬಹುದು, ಆದರೆ ಎಣಿಸಿ ಬರೆದರೆ ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಹೀಗೆ ಮಾಡಿ: ಹುಡುಗಿ ಇರುವ ಶಾಟುಗಳಲ್ಲಿ ಎಷ್ಟರಲ್ಲಿ ಮುಖ ಇಲ್ಲದೆ ಬರೀ ಸೊಂಟ, ಕಾಲು, ಕೂದಲು ಇದೆ? ಹುಡುಗನಿಗೆ ಅಂಥ ಶಾಟ್ ಎಷ್ಟು? ಅವಳು ಕ್ಯಾಮೆರಾ ಕಡೆ ನೇರ ನೋಡುತ್ತಾಳಾ, ಅಥವಾ ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಾಚುತ್ತಾಳಾ? ಪಲ್ಲವಿಯಲ್ಲಿ ಅವಳಿಗೆ ಕೆಲಸ ಏನು? ಒಂದು ಸಲ ಇಬ್ಬರ ಜಾಗ ಅದಲುಬದಲು ಮಾಡಿ ಕಲ್ಪಿಸಿಕೊಳ್ಳಿ. ನಗು ಬಂತಾ? ಹಾಗಾದರೆ ಅಲ್ಲಿ ಒಂದು ರೂಢಿ ಇದೆ.

ಮೊಬೈಲಿಗಾಗಿ ಮಾಡಿದ್ದು

2012ರ 'ಗಂಗ್ನಮ್ ಸ್ಟೈಲ್' ಯೂಟ್ಯೂಬಿನಲ್ಲಿ ಮೊದಲ ಸಲ 100 ಕೋಟಿ ವೀಕ್ಷಣೆ ದಾಟಿದ ವಿಡಿಯೋ. ಆ ಕುದುರೆ ಓಟದ ಸ್ಟೆಪ್ಪನ್ನು ಯಾರು ಬೇಕಾದರೂ ಮಾಡಬಹುದಿತ್ತು. ಅದರ ಹಿಂದಿನ ವರ್ಷ ತಮಿಳಿನ 'ಕೊಲವೆರಿ' ಬಂದಾಗ ತೋರಿಸಿದ್ದು ಬರೀ ಸ್ಟುಡಿಯೋದಲ್ಲಿ ಹಾಡು ರೆಕಾರ್ಡ್ ಮಾಡುವುದನ್ನು. ಹೆಡ್‌ಫೋನ್, ಮೈಕ್, ನಗು. ಅಷ್ಟು ಸಾಕು ಅಂತ ಎಲ್ಲರಿಗೂ ಗೊತ್ತಾಯಿತು.

ಈಗಿನದ್ದು ಉದ್ದ ಸ್ಕ್ರೀನಿನ ಕಾಲ. 1920ಕ್ಕೆ 1080ರ ಅಗಲದ ಫ್ರೇಮಿನಿಂದ ರೀಲ್ಸ್‌ಗೆ ಉದ್ದದ ತುಂಡು ಕತ್ತರಿಸಿದರೆ ಅಗಲ ಉಳಿಯುವುದು ಸುಮಾರು 607 ಪಿಕ್ಸೆಲ್, ಮೂರನೇ ಒಂದು ಭಾಗವೂ ಇಲ್ಲ. ಹಾಗಾಗಿ ಹೊಸ ವಿಡಿಯೋಗಳಲ್ಲಿ ಹೀರೋ ಯಾವಾಗಲೂ ಸರೀ ಮಧ್ಯದಲ್ಲಿ ನಿಲ್ಲುತ್ತಾನೆ, ಗುಂಪು ಡ್ಯಾನ್ಸ್ ಅಗಲಕ್ಕೆ ಹರಡದೆ ಹಿಂದೆ ಹಿಂದೆ ನಿಲ್ಲುತ್ತದೆ. ಹುಕ್ ಸ್ಟೆಪ್ (ಎಲ್ಲರೂ ನಕಲು ಮಾಡುವ ಮುಖ್ಯ ಸ್ಟೆಪ್) ಸೊಂಟದಿಂದ ಮೇಲೆ ಜಾಸ್ತಿ. ಹಾಡಿನ ರೀಲ್ ತುಣುಕು ಮತ್ತು ಪೂರ್ತಿ ವಿಡಿಯೋ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾವ 15 ಸೆಕೆಂಡಿಗಾಗಿ ಉಳಿದದ್ದನ್ನೆಲ್ಲ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ.

ಬರೆಯುವಾಗ

"ಎಡಿಟಿಂಗ್ ವೇಗವಾಗಿದ್ದು ಹಾಡಿನ ಉತ್ಸಾಹ ಹೆಚ್ಚಿಸುತ್ತದೆ" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಹೀಗೆ ಬರೆಯಿರಿ: "ಚರಣದಲ್ಲಿ 4 ಸೆಕೆಂಡಿಗೊಂದು ಕಟ್ ಇದ್ದದ್ದು ಪಲ್ಲವಿಯಲ್ಲಿ ತಾಸೆ ಬಂದ ಕೂಡಲೇ ಒಂದು ಸೆಕೆಂಡಿಗೆ ಇಳಿಯುತ್ತದೆ. ಆದರೆ ತಾಯಿಯ ಮುಖ ಬಂದಾಗ 6 ಸೆಕೆಂಡು ಕಟ್ ಇಲ್ಲ, ತಾಳ ಓಡುತ್ತಿದ್ದರೂ ಚಿತ್ರ ನಿಲ್ಲುತ್ತದೆ." ಏನು ಕಂಡಿತು, ಎಲ್ಲಿ ಕಂಡಿತು, ಯಾಕೆ ಇರಬಹುದು, ಇಷ್ಟು ಇದ್ದರೆ ಪ್ಯಾರಾ ಆಯಿತು. ಐದಾರು ವಿಷಯ ಒಂದೊಂದು ಸಾಲು ಬರೆಯುವುದಕ್ಕಿಂತ ಎರಡು ವಿಷಯ ಹಿಡಿದು ಪೂರ್ತಿ ಅಗೆಯಿರಿ.

ನಿಮಗೆ ತುಂಬಾ ಇಷ್ಟದ ಹಾಡು ಆರಿಸಬೇಡಿ, ಹೊಗಳಲು ಶುರು ಮಾಡುತ್ತೀರಿ. ಸುಮಾರಾಗಿರುವ ಹಾಡು ಒಳ್ಳೆಯದು, ಅದರಲ್ಲಿ ರೂಢಿಗಳು ಎದ್ದು ಕಾಣುತ್ತವೆ. ಆಗುವುದಾದರೆ ಎರಡು ಹಾಡು ತಗೊಳ್ಳಿ, ಸಿನಿಮಾದ್ದೊಂದು, ಆಲ್ಬಂದೊಂದು. ಸಿನಿಮಾ ಹಾಡಿಗೆ ಪಾತ್ರ ಮೊದಲೇ ಗೊತ್ತಿರುತ್ತದೆ, ಆಲ್ಬಂ ಹಾಡು ಹತ್ತು ಸೆಕೆಂಡಿನಲ್ಲಿ ಹುಡುಗ ಯಾರು, ಹುಡುಗಿ ಯಾರು ಅಂತ ಹೇಳಬೇಕು, ಅದಕ್ಕೇ ಅಲ್ಲಿ ಕಾಲೇಜ್ ಬ್ಯಾಗು, ಮಲ್ಲಿಗೆ ಅಟ್ಟಿ, ಬಸ್ಸಿನ ಸೀಟು ಎಲ್ಲ ಬೇಗ ಬೇಗ ಬರುತ್ತವೆ. ಶುರುವಿನಲ್ಲಿ ಬರುವ ಪ್ರಾಯೋಜಕರ ಹೆಸರುಗಳನ್ನೂ ಓದಿ. ಬಟ್ಟೆ ಅಂಗಡಿಯ ಹೆಸರು ಇದ್ದರೆ ಹೀರೋಯಿನ್ ಎಷ್ಟು ಸಲ ಸೀರೆ ಬದಲಿಸಿದಳು ಅಂತ ಲೆಕ್ಕ ಹಾಕಿ.

ಸಮಯ ಬರೆಯುವಾಗ ಯಾವ ಚಾನಲ್‌ನಲ್ಲಿದ್ದ ವಿಡಿಯೋ ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಒಂದೇ ಹಾಡು ಎರಡು ಕಡೆ ಇರುತ್ತದೆ, ಒಂದರಲ್ಲಿ ಮುಂದೆ 15 ಸೆಕೆಂಡು ಪ್ರಾಯೋಜಕರ ಕಾರ್ಡು, ಇನ್ನೊಂದರಲ್ಲಿ ಇಲ್ಲ. ಆಮೇಲೆ ನೀವು ಬರೆದ 1:12ಕ್ಕೆ ಮೇಡಂ ಹೋಗಿ ನೋಡಿದರೆ ಅಲ್ಲಿ ತಾಯಿಯ ಮುಖದ ಬದಲು ಬೇರೆ ಯಾವುದೋ ಶಾಟ್ ಇರುತ್ತದೆ.